ಅಂಕಿ ಹುಟ್ಟುವ ಜಾಗದಿಂದ ಶುರುಮಾಡಿ: ಹವಾಮಾನ ಬದಲಾವಣೆಯ ಚರ್ಚೆಗೆ ಕೂರುವವರಿಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹವಾಮಾನದ ಅಂಕಿಯೆಂದರೆ ದುಡ್ಡಿನ ವಿಷಯ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದವರಿಗೆ ಪರಿಹಾರ ಸಿಗುವುದು ತೋಟದಲ್ಲಿ ಎಷ್ಟು ಕೊಳೆರೋಗ ಬಂತು ಎಂಬುದನ್ನು ನೋಡಿ ಅಲ್ಲ, ಮಾಪನ ಕೇಂದ್ರದಲ್ಲಿ ಎಷ್ಟು ಮಳೆ ದಾಖಲಾಯಿತು ಎಂಬುದನ್ನು ನೋಡಿ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರಿಗೆ ‘ಈ ಅಂಕಿಯನ್ನು ನಂಬಬಹುದೇ’ ಎಂಬ ಪ್ರಶ್ನೆ ಹೊಸದಲ್ಲ. ಭೂಮಿ ಬಿಸಿಯಾಗುತ್ತಿದೆಯೇ, ಅದಕ್ಕೆ ಮನುಷ್ಯನೇ ಕಾರಣವೇ ಎಂಬ ದೊಡ್ಡ ಚರ್ಚೆಯಲ್ಲೂ ಏಳುವುದು ಅದೇ ಪ್ರಶ್ನೆ. ಅಳೆದವರು ಯಾರು, ಯಾವುದರಿಂದ ಅಳೆದರು, ಎಲ್ಲಿ ಅಳೆದರು, ಆಮೇಲೆ ತಿದ್ದಿದರೇ? ಪಂಚಾಯ್ತಿಯ ಮಳೆಮಾಪಕದ ಅಂಕಿಯನ್ನು ಪರೀಕ್ಷಿಸಲು ಗೊತ್ತಿರುವವರಿಗೆ ಭೂಮಿಯ ಸರಾಸರಿ ಉಷ್ಣಾಂಶವನ್ನು ಪರೀಕ್ಷಿಸುವ ದಾರಿಯೂ ತಿಳಿಯುತ್ತದೆ. ಅದಕ್ಕೇ ಈ ಲೇಖನ ಮಳೆಮಾಪಕದಿಂದ ಶುರುವಾಗುತ್ತದೆ.

ಮೊದಲು ಗಂಟು ಬಿಡಿಸಿ

ಚರ್ಚೆ ಜಗಳವಾಗುವುದು ನಾಲ್ಕು ಬೇರೆಬೇರೆ ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡಿದಾಗ. ಭೂಮಿ ಬಿಸಿಯಾಗಿದೆಯೇ ಎಂಬುದು ಅಳತೆಯ ಪ್ರಶ್ನೆ. ಯಾರಿಂದ ಎಂಬುದು ಭೌತವಿಜ್ಞಾನದ ಪ್ರಶ್ನೆ. ನಮ್ಮೂರಿನ ಮಳೆಗೆ, ಕಡಲಿಗೆ ಅದರಿಂದ ಏನಾಯಿತು ಎಂಬುದು ಮೂರನೆಯದು, ಮತ್ತು ಎಲ್ಲಕ್ಕಿಂತ ಕಷ್ಟದ್ದು. ಏನು ಮಾಡಬೇಕು ಎಂಬುದು ನಾಲ್ಕನೆಯದು, ಅದು ರಾಜಕೀಯ.

ಇಲ್ಲಿ ಹೆಚ್ಚಾಗಿ ಆಗುವುದು ನಾಲ್ಕನೆಯದರ ಸಿಟ್ಟನ್ನು ಮೊದಲನೆಯದರ ಮೇಲೆ ತೀರಿಸಿಕೊಳ್ಳುವುದು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವುದು) ವಿರೋಧಿಸುವವರು, ‘ಹಸಿರು ವಿದ್ಯುತ್ತಿನ ಹೆಸರಲ್ಲಿ ಕಾಡು ಕಡಿಯಲು ಬಂದಿದ್ದಾರೆ, ಹಾಗಾದರೆ ಹವಾಮಾನದ ಮಾತೂ ಸುಳ್ಳೇ’ ಎನ್ನುತ್ತಾರೆ. ಯೋಜನೆ ಬೇಕೋ ಬೇಡವೋ ಎಂಬುದಕ್ಕೆ ಕಣಿವೆಯ ಕಾಡು, ಖರ್ಚು, ಪರ್ಯಾಯ ಎಲ್ಲವನ್ನೂ ಮುಂದಿಟ್ಟು ವಾದಿಸಬಹುದು, ವಾದಿಸಲೇಬೇಕು. ಆದರೆ ಅದರಿಂದ ಥರ್ಮಾಮೀಟರಿನ ಓದು ಬದಲಾಗುವುದಿಲ್ಲ. ಎದುರಿನವರು ಮಾತು ಶುರುಮಾಡಿದಾಗ ಮೊದಲು ಕೇಳಬೇಕಾದದ್ದು: ‘ನೀವು ಈಗ ಹೇಳುತ್ತಿರುವುದು ಈ ನಾಲ್ಕರಲ್ಲಿ ಯಾವುದು?’ ಉತ್ತರ ಬರುವವರೆಗೆ ಅಂಕಿ ತೆಗೆಯಬೇಡಿ.

ಒಂದು ಮಿಲಿಮೀಟರ್ ಹೇಗೆ ಹುಟ್ಟುತ್ತದೆ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್ ಮಳೆ. ಹವಾಮಾನ ಇಲಾಖೆಯ ಸಾದಾ ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್, ಅಂಚು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಮಟ್ಟಸವಾಗಿ ಇರಬೇಕು. ಅದರಲ್ಲಿ 20 ಮಿ.ಲೀ. ನೀರು ಸೇರಿದರೆ 1 ಮಿ.ಮೀ. ಬೇರೆ ಯಾವ ಪಾತ್ರೆಗಾದರೂ ಲೆಕ್ಕ ಇಷ್ಟೆ: ಸಿಕ್ಕಿದ ನೀರನ್ನು ಮಿ.ಲೀ.ನಲ್ಲಿ ಅಳೆದು, ಹತ್ತರಿಂದ ಗುಣಿಸಿ, ಬಾಯಿಯ ವಿಸ್ತೀರ್ಣದಿಂದ ಭಾಗಿಸಿ.

ಮನೆಯಲ್ಲಿ 10 ಸೆಂ.ಮೀ. ಅಗಲದ ಆಲಿಕೆಯನ್ನು ಬಾಟಲಿಗೆ ಕೂರಿಸಿ ಅಳೆಯುವವರಿದ್ದಾರೆ. ಅದರ ಬಾಯಿ 78.5 ಚದರ ಸೆಂ.ಮೀ. ಹೊಸಬರು ಎಡವುವುದು ಇಲ್ಲೇ. ಒಂದು ಲೀಟರ್ ಬಾಟಲಿ 127 ಮಿ.ಮೀ.ಗೆ ತುಂಬಿ ಹೋಗುತ್ತದೆ. ಬಯಲುಸೀಮೆಗೆ ಅಷ್ಟು ಸಾಕಾದೀತು, ಹೊನ್ನಾವರಕ್ಕೋ ಘಟ್ಟದ ಅಂಚಿನ ಊರಿಗೋ ಸಾಲದು. ಜೋರು ಮಳೆಯ ದಿನವೇ ಬಾಟಲಿ ಉಕ್ಕಿ, ವರ್ಷದ ಅತಿ ಮುಖ್ಯ ಅಂಕಿಯೇ ಕಳೆದುಹೋಗುತ್ತದೆ. ಕನಿಷ್ಠ ಎರಡೂವರೆ ಲೀಟರ್ ಹಿಡಿಯುವ ಕ್ಯಾನ್ ಇಡಿ. ಬಕೆಟ್ಟಿನಲ್ಲಿ ಅಳತೆಪಟ್ಟಿ ಅದ್ದಿ ನೋಡುವ ಪದ್ಧತಿ ತಪ್ಪು, ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು. ನೇರ ಗೋಡೆಯ ಡಬ್ಬಿಯಾದರೆ ಪಟ್ಟಿ ಅದ್ದಬಹುದು.

ಇಡುವ ಜಾಗ ಪಾತ್ರೆಗಿಂತ ಮುಖ್ಯ. ಮರವೋ ಮನೆಯೋ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರವಿರಬೇಕು. 10 ಮೀಟರ್ ಅಡಿಕೆ ಮರಕ್ಕೆ 20 ಮೀಟರ್. ತೋಟದೊಳಗೆ ಇಟ್ಟರೆ ಸೋಗೆ ಕೆಲವು ಹನಿ ತಡೆಯುತ್ತದೆ, ಕೆಲವನ್ನು ಒಟ್ಟುಗೂಡಿಸಿ ಒಂದೇ ಕಡೆ ಸುರಿಯುತ್ತದೆ. ಹಾಗಾಗಿ ಅಂಕಿ ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು, ಎಷ್ಟು ಎಂದು ತಿದ್ದಲೂ ಆಗುವುದಿಲ್ಲ. ತಾರಸಿಯ ಮೇಲೆ ಗಾಳಿ ಹನಿಯನ್ನು ಬಾಯಿಯಾಚೆ ಹೊತ್ತೊಯ್ಯುವುದರಿಂದ ಕಡಿಮೆ ದಾಖಲಾಗುತ್ತದೆ. ಸಿಮೆಂಟಿನ ಅಂಗಳದಲ್ಲಿ ಸಿಡಿದ ನೀರು ಒಳಗೆ ಬೀಳುತ್ತದೆ, ಸುತ್ತ ಹುಲ್ಲು ಇರಲಿ. ಅಡಿಕೆ ಒಣಗಿಸುವ ಕಣದ ಅಂಚಿನ ಹುಲ್ಲುಜಾಗ ಹೆಚ್ಚಿನ ಮನೆಗಳಲ್ಲಿ ಸರಿಹೋಗುತ್ತದೆ.

ಓದುವ ಹೊತ್ತು ಬೆಳಿಗ್ಗೆ 8.30. ಇಲಾಖೆಯ ದಿನ ಅಲ್ಲಿಂದ ಅಲ್ಲಿಗೆ. ಜುಲೈ 17ರ ಬೆಳಿಗ್ಗೆ ಓದಿದ್ದು ಬಹುಪಾಲು 16ರ ಮಳೆ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಬರೆದುಕೊಂಡವರು ಸರ್ಕಾರಿ ಅಂಕಿಗೆ ಹೋಲಿಸಿ ‘ಸುಳ್ಳು ಬರೆದಿದ್ದಾರೆ’ ಎನ್ನುವುದರಲ್ಲಿ ಬಹಳಷ್ಟು ಈ ಗೊಂದಲವೇ.

ಇನ್ನು ಪಂಚಾಯ್ತಿಗಳಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕ. ಇಂಥ ಯಂತ್ರದೊಳಗೆ ಸಾಮಾನ್ಯವಾಗಿ ಏತದಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದಾಗ ವಾಲಿ ನೀರು ಚೆಲ್ಲುತ್ತದೆ, ಆ ಒಂದು ವಾಲು ಒಂದು ಎಣಿಕೆ. ಕೆಡುವ ಬಗೆಗಳು ಗೊತ್ತಿರಲಿ. ಸುರಿಮಳೆಯಲ್ಲಿ ಬಟ್ಟಲು ವಾಲುತ್ತಿರುವ ಕ್ಷಣಕ್ಕೆ ಬಿದ್ದ ನೀರು ಲೆಕ್ಕ ತಪ್ಪುತ್ತದೆ, ಹಾಗಾಗಿ ಜೋರು ಮಳೆಯನ್ನು ಅದು ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಆಲಿಕೆಯಲ್ಲಿ ಎಲೆ, ಜೇಡರ ಬಲೆ, ಇರುವೆಯ ಮಣ್ಣು ಕೂತರೆ ನೀರು ನಿಂತು, ನಿಧಾನ ಸೋರುತ್ತದೆ. ಇದನ್ನು ಅಂಕಿಯಲ್ಲೇ ಹಿಡಿಯಬಹುದು. ಸುತ್ತ ನಾಲ್ಕು ಪಂಚಾಯ್ತಿಯಲ್ಲಿ ಮಳೆ ನಿಂತ ಮೇಲೂ ಒಂದು ಕಡೆ ಮಾತ್ರ ಗಂಟೆಗಟ್ಟಲೆ ಒಂದೇ ಸಮನೆ ಅರ್ಧ, ಅರ್ಧ ಮಿ.ಮೀ. ಬರುತ್ತಿದ್ದರೆ ಅದು ಮಳೆಯಲ್ಲ, ಕಟ್ಟಿಕೊಂಡ ಆಲಿಕೆ. ನಡು ಆಷಾಢದಲ್ಲಿ ಅಕ್ಕಪಕ್ಕ 80–90 ಮಿ.ಮೀ. ಇರುವಾಗ ಒಂದೆಡೆ ಸೊನ್ನೆ ಬಂದರೆ ಅದು ಸೊನ್ನೆಯಲ್ಲ, ಅಂಕಿ ಬಂದಿಲ್ಲ ಎಂದರ್ಥ. ಈ ಎರಡನ್ನೂ ಒಂದೇ ಎಂದು ಕೂಡಿಸಿದಾಗಲೇ ಅನ್ಯಾಯವಾಗುವುದು.

ಪರೀಕ್ಷೆಗೆಂದು ಆ ಮಾಪಕಕ್ಕೆ ನೀವೇ ನೀರು ಹೊಯ್ಯಲು ಹೋಗಬೇಡಿ. ಅದು ಆ ಕ್ಷಣವೇ ಮಳೆಯೆಂದು ದಾಖಲಾಗುತ್ತದೆ. ನಿಮ್ಮ ಸಾದಾ ಮಾಪಕದಲ್ಲಿ ತಿಂಗಳಿಡೀ ಓದಿ, ದಿನಾಂಕವಾರು ಪಕ್ಕಪಕ್ಕ ಬರೆದು, ಸುತ್ತಲಿನ ಮೂರು ಕೇಂದ್ರದ ಅಂಕಿಯನ್ನೂ ಸೇರಿಸಿ ಲಿಖಿತ ದೂರು ಕೊಡಿ. ಒಂದು ದಿನದ ವ್ಯತ್ಯಾಸಕ್ಕೆ ಬೆಲೆಯಿಲ್ಲ, ಗುಡ್ಡದ ಆಚೆ ಈಚೆ ಮಳೆ ಬೇರೆಯೇ ಇರುತ್ತದೆ. ಒಂದೇ ದಿಕ್ಕಿಗೆ ಬರುವ ವ್ಯತ್ಯಾಸಕ್ಕೆ ಬೆಲೆಯಿದೆ.

ಸರ್ಕಾರಿ ಪಟ್ಟಿ ಓದುವಾಗ

ಕಾರವಾರ, ಹೊನ್ನಾವರ, ಶಿರಾಲಿಗಳಲ್ಲಿ ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯಗಳಿವೆ. ಕರಾವಳಿಯ ವಾರ್ಷಿಕ ಮಳೆ 3,000 ಮಿ.ಮೀ. ದಾಟುತ್ತದೆ, ಹಳಿಯಾಳ, ಮುಂಡಗೋಡದ ಕಡೆ ಅದರ ಅರ್ಧಕ್ಕಿಂತ ಕಡಿಮೆ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರವಿರುವುದರಿಂದ ‘ಜಿಲ್ಲಾ ಸರಾಸರಿ’ ಎಂಬುದು ಬಹಳ ಜಾಗ್ರತೆಯಿಂದ ಹಿಡಿಯಬೇಕಾದ ವಸ್ತು.

ಲೆಕ್ಕಕ್ಕೆಂದು ಒಂದು ತಾಲೂಕಿನಲ್ಲಿ ಮೂರು ಮಾಪಕ ಇಟ್ಟುಕೊಳ್ಳಿ: 2,400, 2,500, 2,600 ಮಿ.ಮೀ. ಸರಾಸರಿ 2,500. ಮುಂದಿನ ವರ್ಷ ಘಟ್ಟದ ನೆತ್ತಿಯಲ್ಲಿ 5,000 ಮಿ.ಮೀ. ಬೀಳುವ ಜಾಗದಲ್ಲಿ ನಾಲ್ಕನೆಯದನ್ನು ಕೂರಿಸಿದರು. ಆಕಾಶದಿಂದ ಒಂದು ಹನಿಯೂ ಹೆಚ್ಚು ಬೀಳದೆ ಸರಾಸರಿ 3,125 ಆಯಿತು. ‘ಮಳೆ ಶೇ. 25 ಏರಿತು’ ಎಂಬ ಸುದ್ದಿ ಸಿದ್ಧ. ಇದಕ್ಕೆ ಮದ್ದು: ಪ್ರತಿ ಕೇಂದ್ರದ ಅಂಕಿಯಿಂದ ಅದರದೇ ಹಳೆಯ ಸರಾಸರಿಯನ್ನು ಕಳೆದು, ಆ ವ್ಯತ್ಯಾಸಗಳ ಸರಾಸರಿಯನ್ನು ಮಾತ್ರ ತೆಗೆಯುವುದು. ಭೂಮಿಯ ಉಷ್ಣಾಂಶ ಲೆಕ್ಕ ಹಾಕುವವರು ‘ಇಷ್ಟು ಡಿಗ್ರಿ’ ಎನ್ನದೆ ‘ಸರಾಸರಿಗಿಂತ ಇಷ್ಟು ಹೆಚ್ಚು’ ಎನ್ನುವುದೂ ಇದೇ ಕಾರಣಕ್ಕೆ.

‘ವಾಡಿಕೆ’ ಎಂದು ಬರೆದಲ್ಲೆಲ್ಲ ಯಾವ ವರ್ಷಗಳ ವಾಡಿಕೆ ಎಂದು ಕೇಳಿ. ದೇಶದ ಮುಂಗಾರಿನ ಸರಾಸರಿ 1961–2010ರ ಲೆಕ್ಕದಲ್ಲಿ 88 ಸೆಂ.ಮೀ. ಇತ್ತು, 1971–2020ರ ಲೆಕ್ಕದಲ್ಲಿ 87 ಆಯಿತು. ಅಳತೆಗೋಲು ಬದಲಾದಾಗ ಕೊರತೆಯ ಶೇಕಡಾವಾರೂ ಬದಲಾಗುತ್ತದೆ. ಜೊತೆಗೆ ಇಲಾಖೆಯ ಭಾಷೆಯಲ್ಲಿ ವಾಡಿಕೆಗಿಂತ ಶೇ. 19ರವರೆಗೆ ಹೆಚ್ಚು ಕಡಿಮೆಯಾದರೂ ಅದು ‘ಸಾಮಾನ್ಯ’ವೇ. ದೇಶದ ನಕ್ಷೆಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕಿದ ಮಳೆಯ ಅಂಕಿ 1901ರಿಂದ ಲಭ್ಯವಿದೆ, ಆದರೆ ಒಂದು ಚೌಕದ ಬದಿ ಸುಮಾರು 27 ಕಿ.ಮೀ. ಘಟ್ಟದ ಮೇಲೂ ಕೆಳಗೂ ಒಂದೇ ಚೌಕಕ್ಕೆ ಬೀಳಬಹುದು. ಒಂದು ಊರಿನ ವಾದಕ್ಕೆ ಅದನ್ನು ಬಳಸಬೇಡಿ.

ಹಳೆಯ ಕೇಂದ್ರವೊಂದನ್ನು ನಂಬಬಹುದೇ ಎಂದು ನೋಡಲು ಒಂದು ಹಳೆಯ, ಬಹಳ ಒಳ್ಳೆಯ ವಿಧಾನವಿದೆ. ಆ ಕೇಂದ್ರದ ವರ್ಷವಾರು ಮಳೆಯನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋಗಿ. ಸುತ್ತಲಿನ ನಾಲ್ಕೈದು ಕೇಂದ್ರಗಳ ಸರಾಸರಿಯನ್ನೂ ಹಾಗೇ ಕೂಡಿಸಿ. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಇಟ್ಟು ಗೆರೆ ಎಳೆಯಿರಿ. ಗೆರೆ ನೇರವಾಗಿದ್ದರೆ ಸರಿ. ಯಾವುದೋ ವರ್ಷದಲ್ಲಿ ಮೊಣಕೈಯಂತೆ ಬಾಗಿದ್ದರೆ ಆ ವರ್ಷ ಮಾಪಕ ಜಾಗ ಬದಲಿಸಿದೆ, ಪಕ್ಕದ ಮರ ಬೆಳೆದಿದೆ ಅಥವಾ ಓದುವವರು ಬದಲಾಗಿದ್ದಾರೆ. ನಿಜವಾದ ಬರಗಾಲ ಬಂದರೆ ಗೆರೆ ಬಾಗುವುದಿಲ್ಲ, ಯಾಕೆಂದರೆ ಅದು ಎಲ್ಲ ಕೇಂದ್ರಕ್ಕೂ ಬಂದಿರುತ್ತದೆ. ಗ್ರಾಫ್ ಹಾಳೆ, ಪೆನ್ಸಿಲ್ ಇದ್ದರೆ ಒಂದು ಸಂಜೆಯ ಕೆಲಸ.

‘ಆರಿದ್ರಾ ಮಳೆ ಮೊದಲಿನಂತಿಲ್ಲ’: ಇದನ್ನು ಪರೀಕ್ಷಿಸುವುದು ಹೇಗೆ

ಹಿರಿಯರ ಈ ಮಾತನ್ನು ನೆನಪಿನ ಮಾತೆಂದು ತಳ್ಳಬೇಡಿ, ಹಾಗೆಯೇ ಸಾಕ್ಷಿಯೆಂದು ಒಪ್ಪಿಬಿಡಲೂ ಬೇಡಿ. ಪರೀಕ್ಷಿಸಬಹುದಾದ ಮಾತು ಇದು, ನಕ್ಷತ್ರಕ್ಕೆ ದಿನಾಂಕವಿದೆಯಲ್ಲ. ಸೂರ್ಯ ಆರಿದ್ರೆಯಲ್ಲಿರುವುದು ಸುಮಾರು ಜೂನ್ 21–22ರಿಂದ ಜುಲೈ 5ರವರೆಗೆ. ನಕ್ಷತ್ರದ ಲೆಕ್ಕ ಇಂಗ್ಲಿಷ್ ತಾರೀಖಿನಿಂದ ಸರಿಯುವುದು ಸುಮಾರು 70 ವರ್ಷಕ್ಕೆ ಒಂದು ದಿನ, ಆದ್ದರಿಂದ ಅಜ್ಜನ ಕಾಲಕ್ಕೂ ಇದೇ ದಿನಾಂಕ ಇಟ್ಟುಕೊಂಡರೆ ದೊಡ್ಡ ತಪ್ಪಾಗದು.

ಹತ್ತಿರದ ಒಂದೇ ಕೇಂದ್ರದ ಕನಿಷ್ಠ 30 ವರ್ಷಗಳ ದಿನವಾರು ಅಂಕಿ ತನ್ನಿ. ಪ್ರತಿ ವರ್ಷದ ಆ ಹದಿನಾಲ್ಕು ದಿನಗಳಿಂದ ನಾಲ್ಕು ಅಂಕಿ ತೆಗೆಯಿರಿ: ಒಟ್ಟು ಮಳೆ, 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳು (ಇಲಾಖೆಯ ಪ್ರಕಾರ ಅದೇ ಮಳೆದಿನ), 64.5 ಮಿ.ಮೀ. ಮುಟ್ಟಿದ ದಿನಗಳು (ಭಾರೀ ಮಳೆ ಶುರುವಾಗುವುದು ಅಲ್ಲಿಂದ), ಮತ್ತು ನಡುವೆ ಅತಿ ಉದ್ದದ ಬಿಡುವು. ಒಟ್ಟು ಮಳೆ ಬದಲಾಗದೆ ಮಳೆದಿನ ಇಳಿದು ಭಾರೀ ದಿನ ಏರಿರಬಹುದು. ತೋಟಕ್ಕೆ ವ್ಯತ್ಯಾಸ ಮಾಡುವುದು ಅದೇ. ಬಿಡುವು ಸಿಕ್ಕರೆ ಕೊನೆಗೌಡ ಮರ ಹತ್ತಿ ಬೋರ್ಡೋ (ಕೊಳೆ ತಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬಹುದು, ಸಿಗದಿದ್ದರೆ ಕೊಳೆ.

ಯಾವುದಾದರೂ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ದಿನದ ಅಂಕಿ ಇಲ್ಲದಿದ್ದರೆ ಆ ವರ್ಷವನ್ನೇ ಬಿಡಿ. ಎಷ್ಟು ವರ್ಷ ಬಿಟ್ಟಿರಿ ಎಂದು ಬರೆದಿಡಿ. ಆಮೇಲೆ ಗೆರೆ ಎಳೆದು, ಶುರುವಿನ ವರ್ಷವನ್ನು ಮೂರು ವರ್ಷ ಹಿಂದೆ, ಮೂರು ವರ್ಷ ಮುಂದೆ ಸರಿಸಿ ನೋಡಿ. ಗೆರೆ ದಿಕ್ಕು ಬದಲಿಸಿದರೆ ನಿಮ್ಮ ಬಳಿ ಪ್ರವೃತ್ತಿ ಇಲ್ಲ, ಒಂದು ಕೆಟ್ಟ ವರ್ಷವಿದೆ ಅಷ್ಟೆ.

ಬೇರೆ ಊರಿನ ಅಂಕಿಯನ್ನು ನಮ್ಮೂರಿಗೆ ಅಂಟಿಸುವುದು ಎರಡೂ ಕಡೆಯವರ ಚಟ. ಭೂವಿಜ್ಞಾನ ಸಚಿವಾಲಯದ 2020ರ ವರದಿಯಲ್ಲಿ, ದಿನಕ್ಕೆ 150 ಮಿ.ಮೀ. ಮೀರಿದ ಮಳೆಯ ಪ್ರಸಂಗಗಳು 1950–2015ರ ನಡುವೆ ಸುಮಾರು ಶೇ. 75 ಹೆಚ್ಚಿದವು ಎಂದಿದೆ. ಅದು ಮಧ್ಯಭಾರತದ ಮಾತು, ಶಿರಸಿಯದಲ್ಲ. ಅದೇ ವರದಿ ದೇಶದ ಮುಂಗಾರು ಮಳೆ 1951–2015ರಲ್ಲಿ ಸುಮಾರು ಶೇ. 6 ಇಳಿದಿದೆ, ಇಳಿಕೆ ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟದಲ್ಲಿ ಎದ್ದು ಕಾಣುತ್ತದೆ ಎಂದೂ ಹೇಳುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಬೇಡಿ.

‘ಅಂಕಿ ತಿದ್ದಿದ್ದಾರೆ’ ಎಂದವರಿಗೆ

ಹೌದು, ತಿದ್ದಿದ್ದಾರೆ. ಮಾತು ಅಲ್ಲಿಂದಲೇ ಶುರುವಾಗಲಿ, ಮುಚ್ಚಿಡುವಂಥದ್ದೇನಿಲ್ಲ. ಮೊಣಕೈಯಂತೆ ಬಾಗಿದ ಗೆರೆಯನ್ನು ನೇರ ಮಾಡುವುದೇ ಆ ತಿದ್ದುಪಡಿ. ಕೇಳಬೇಕಾದದ್ದು ಯಾವ ದಿಕ್ಕಿಗೆ ತಿದ್ದಿದರು ಎಂದು.

ಕಡಲ ಮೇಲ್ಮೈಯ ಉಷ್ಣಾಂಶವನ್ನು ಹಿಂದೆ ಹಡಗಿನವರು ಕ್ಯಾನ್ವಾಸ್ ಬಕೆಟ್ಟಿನಲ್ಲಿ ನೀರೆತ್ತಿ ಅಳೆಯುತ್ತಿದ್ದರು. ಲಾರಿಗಳ ಮುಂದೆ ತೂಗುಹಾಕುತ್ತಿದ್ದ ಕ್ಯಾನ್ವಾಸ್ ಚೀಲದ ನೀರು ಯಾಕೆ ತಂಪಾಗಿರುತ್ತಿತ್ತೋ ಅದೇ ಕಾರಣಕ್ಕೆ, ಥರ್ಮಾಮೀಟರ್ ಅದ್ದುವಷ್ಟರಲ್ಲಿ ಆ ನೀರೂ ಆರುತ್ತಿತ್ತು. ಮುಂದೆ ಎಂಜಿನ್ನಿಗೆ ಎಳೆದುಕೊಳ್ಳುವ ನೀರನ್ನು ಅಳೆಯತೊಡಗಿದಾಗ ಓದು ಬಿಸಿಯ ಕಡೆಗೆ ಹಾರಿತು. ಇದನ್ನು ಸರಿಪಡಿಸಲು ಹಳೆಯ ಓದುಗಳನ್ನು ಮೇಲಕ್ಕೆ ಏರಿಸಬೇಕಾಯಿತು. ಹಳೆಯದು ಏರಿದರೆ ಅಂದಿನಿಂದ ಇಂದಿಗೆ ಇರುವ ಅಂತರ ಕುಗ್ಗುತ್ತದೆ. ಭೂಮಿಯ ಬಹುಪಾಲು ಕಡಲೇ ಆದ್ದರಿಂದ, ನೆಲ, ನೀರು ಎರಡರ ತಿದ್ದುಪಡಿಯನ್ನೂ ಸೇರಿಸಿ ನೋಡಿದರೆ ದೀರ್ಘಾವಧಿಯ ಬಿಸಿಯೇರಿಕೆ ಕಚ್ಚಾ ಅಂಕಿಗಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಹೆಚ್ಚು ತೋರಿಸಲು ಹೊರಟವರು ಮಾಡುವ ಕೆಲಸವಲ್ಲ ಇದು.

ಅನುಮಾನಪಟ್ಟವರೇ ಲೆಕ್ಕಕ್ಕೆ ಕೂತ ಉದಾಹರಣೆಯೂ ಇದೆ. ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಈ ಅಂಕಿಗಳ ಬಗ್ಗೆ ಸಂದೇಹ ಎತ್ತಿ, ಬರ್ಕ್‌ಲಿ ಅರ್ಥ್ ಎಂಬ ತಂಡ ಕಟ್ಟಿ, ಪಟ್ಟಣದ ಬಿಸಿ, ಕೇಂದ್ರಗಳ ಗುಣಮಟ್ಟ ಎಲ್ಲವನ್ನೂ ಹೊಸದಾಗಿ ಪರಿಶೀಲಿಸಿದರು. ಬಿಸಿಯೇರಿಕೆ ನಿಜ ಎಂದು 2011ರಲ್ಲಿ ಹೇಳಿದರು, 2012ರಲ್ಲಿ ಮನುಷ್ಯನೇ ಕಾರಣ ಎಂದರು. ಉಪಗ್ರಹದ ಕಥೆಯೂ ತಿಳಿದಿರಲಿ. 1990ರ ದಶಕದಲ್ಲಿ ಉಪಗ್ರಹದ ಅಂಕಿ ಬಿಸಿಯೇರಿಕೆಯನ್ನೇ ತೋರಿಸುತ್ತಿರಲಿಲ್ಲ. ಉಪಗ್ರಹ ಮೆಲ್ಲಗೆ ಕೆಳಗಿಳಿಯುತ್ತಿದ್ದದ್ದು, ಅಳೆಯುವ ಹೊತ್ತು ಸರಿಯುತ್ತಿದ್ದದ್ದು ಆಮೇಲೆ ಪತ್ತೆಯಾಯಿತು. ಸರಿಪಡಿಸಿದ ಮೇಲೆ ಅದೂ ಏರಿಕೆಯನ್ನೇ ತೋರಿಸುತ್ತಿದೆ.

‘1998ರಿಂದ ಬಿಸಿ ಏರಿಲ್ಲ’ ಎಂಬ ಹಳೆಯ ವಾದ ಈಗಲೂ ವಾಟ್ಸ್‌ಆಪ್‌ನಲ್ಲಿ ಸುತ್ತುತ್ತದೆ. 1998 ಪ್ರಬಲ ಎಲ್ ನಿನೊದ ವರ್ಷ, ಅಂದರೆ ಪೆಸಿಫಿಕ್ ಕಡಲು ಬಿಸಿಯೇರಿ ಭೂಮಿಯ ಸರಾಸರಿಯನ್ನೂ ತಾತ್ಕಾಲಿಕವಾಗಿ ಏರಿಸಿದ ವರ್ಷ. ಶುರುವಿನ ವರ್ಷವನ್ನು ಸರಿಸಿ ನೋಡುವ ಅದೇ ಪರೀಕ್ಷೆ ಸಾಕು, ಆ ದಾಖಲೆಯನ್ನು ಆಮೇಲಿನ ಹಲವು ವರ್ಷಗಳು ಮುರಿದಿವೆ. ನಮ್ಮ ದೇಶಕ್ಕೆ 1901ರಿಂದೀಚೆಗೆ ಅತಿ ಬಿಸಿಯ ವರ್ಷ 2024, ಅದು 1991–2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚು.

ಮನುಷ್ಯನೇ ಎಂದು ಹೇಗೆ ಗೊತ್ತು

ಜಮಾಖರ್ಚಿನಿಂದ ಶುರುಮಾಡಿ, ನಮ್ಮ ಜನಕ್ಕೆ ಅದು ಬೇಗ ಹಿಡಿಸುತ್ತದೆ. ಜಗತ್ತು ವರ್ಷಕ್ಕೆ ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 3,700 ಕೋಟಿ ಟನ್. ಅಷ್ಟೂ ಗಾಳಿಯಲ್ಲೇ ಉಳಿದರೆ ಹತ್ತು ಲಕ್ಷ ಭಾಗಕ್ಕೆ ಹತ್ತಿರಹತ್ತಿರ 5 ಭಾಗ ಏರಬೇಕು. ಅಳತೆಯಲ್ಲಿ ಏರುತ್ತಿರುವುದು ಸುಮಾರು ಎರಡೂವರೆ. ಉಳಿದರ್ಧವನ್ನು ಕಡಲು, ಕಾಡು ಹೀರಿವೆ. ಅಂದರೆ ಪ್ರಕೃತಿಯ ಖಾತೆ ಒಟ್ಟಾರೆ ತೆಗೆದುಕೊಳ್ಳುವ ಖಾತೆ. ಜ್ವಾಲಾಮುಖಿಗಳು ಬಿಡುವುದು ಮನುಷ್ಯ ಬಿಡುವುದರ ಶೇ. 1ರಷ್ಟೂ ಇಲ್ಲ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಕೈಗಾರಿಕೆಗೆ ಮೊದಲು 280 ಭಾಗ ಇದ್ದದ್ದು, 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ಸುಮಾರು 315, ಈಗ 420 ದಾಟಿದೆ.

ಸೂರ್ಯನೇ ಕಾರಣ ಎಂದವರಿಗೆ ಎರಡು ಸಂಗತಿ ಹೇಳಿ. 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ನೇರವಾಗಿ ಅಳೆಯುತ್ತಿವೆ, ಅದು ಏರುತ್ತಾ ಹೋಗಿಲ್ಲ. ಇನ್ನೊಂದು, ಸೂರ್ಯನಿಂದಾದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕು. ಆಗಿರುವುದು ಬೇರೆ: ಕೆಳಪದರ ಬಿಸಿಯೇರಿದೆ, ಮೇಲಿನ ಸ್ತರಗೋಳ ತಣ್ಣಗಾಗಿದೆ. ಹಾಗಾಗುವುದು ಶಾಖ ಕೆಳಗೇ ಸಿಕ್ಕಿಹಾಕಿಕೊಂಡಾಗ. ಇಂಗಾಲದ ಗುರುತೂ ಹಾಗೇ. ಇಂಗಾಲದ ಪರಮಾಣುವಿನಲ್ಲಿ ಬೇರೆಬೇರೆ ತೂಕದ ಬಗೆಗಳಿವೆ; ಪಳೆಯುಳಿಕೆ ಇಂಧನದಲ್ಲಿ ಇಂಗಾಲ-14 ಇರುವುದಿಲ್ಲ, ಇಂಗಾಲ-13 ಕಡಿಮೆ. ಗಾಳಿಯಲ್ಲಿ ಎರಡರ ಪಾಲೂ ಅದಕ್ಕೆ ತಕ್ಕಂತೆ ತಗ್ಗುತ್ತಾ ಬಂದಿದೆ. ಇವೆಲ್ಲ ಸೇರಿಯೇ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ, 1850–1900ಕ್ಕೆ ಹೋಲಿಸಿದರೆ 2010–2019ರ ಹೊತ್ತಿಗೆ ಮನುಷ್ಯನಿಂದಾದ ಬಿಸಿಯೇರಿಕೆ 1.07 ಡಿಗ್ರಿ ಎಂದಿತು, 0.8ರಿಂದ 1.3ರೊಳಗೆ ಇರಬಹುದು ಎಂಬ ಅಂಚನ್ನೂ ಜೊತೆಗೇ ಕೊಟ್ಟಿತು. ಅಂಚು ಹೇಳದೆ ಅಂಕಿ ಮಾತ್ರ ಹೇಳುವವರಿಗಿಂತ ಅಂಚನ್ನೂ ಹೇಳುವವರನ್ನು ನಂಬಿ.

ನಮ್ಮ ಕಡೆಯ ಉತ್ಪ್ರೇಕ್ಷೆ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ಅದನ್ನು ‘ಹವಾಮಾನ ಬದಲಾವಣೆ’ ಎಂಬ ಒಂದೇ ಪದದಲ್ಲಿ ಮುಗಿಸಿದರೆ ರಸ್ತೆಗಾಗಿ ಗುಡ್ಡದ ಬುಡ ಕಡಿದದ್ದು ಲೆಕ್ಕದಿಂದ ಹೊರಗುಳಿಯುತ್ತದೆ. ಜೀವ ಕಳೆದುಕೊಂಡವರ ಮನೆಯವರಿಗೆ ಅದು ಅನ್ಯಾಯ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಹಾಗಾಗಿ ಸುರಿಮಳೆ ಇನ್ನಷ್ಟು ಜೋರಾಗಲು ಕಾರಣವಿದೆ. ಅದೇ ತಿಂಗಳ ವಯನಾಡಿನ ಮಳೆಯನ್ನು ಅಧ್ಯಯನ ಮಾಡಿದವರು ಬಿಸಿಯೇರಿಕೆಯಿಂದ ಅದು ಸುಮಾರು ಶೇ. 10 ಹೆಚ್ಚಿತು ಎಂದರು, ಗುಡ್ಡಗಾಡಾದ್ದರಿಂದ ಅನಿಶ್ಚಿತತೆ ದೊಡ್ಡದು ಎಂದೂ ಸೇರಿಸಿದರು. ಒಂದು ಊರಿನ ಅಂಕಿಯನ್ನು ಇನ್ನೊಂದಕ್ಕೆ ಹೊರಿಸಬಾರದು ಎಂಬುದು ಇಲ್ಲಿಗೂ ಸಲ್ಲುತ್ತದೆ, ಅದು ಶಿರೂರಿನ ಅಂಕಿಯಲ್ಲ.

‘ಇನ್ನು ಹತ್ತು ವರ್ಷದಲ್ಲಿ ಕಾರವಾರ ಮುಳುಗುತ್ತದೆ’ ಎಂಬುದೂ ಹಾಗೇ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993–2017ರಲ್ಲಿ ವರ್ಷಕ್ಕೆ ಸುಮಾರು 3.3 ಮಿ.ಮೀ. ಏರಿದೆ. 30 ವರ್ಷಕ್ಕೆ 10 ಸೆಂ.ಮೀ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಇಳಿತದ ಅಂತರವೇ ಇಲ್ಲಿ ಮೀಟರಿಗಿಂತ ಹೆಚ್ಚು. ಊರು ಮುಳುಗದು. ಆದರೆ ಅಘನಾಶಿನಿಯ ಬದಿಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿಯ (ಉಬ್ಬರದ ನೀರು ತಾಕುವ ತಗ್ಗು ಗದ್ದೆಯ) ಕಟ್ಟೆಗೆ, ಆ ದೊಡ್ಡ ಉಬ್ಬರದ ಮೇಲೆ ಬಂದ 10 ಸೆಂ.ಮೀ. ಸಣ್ಣದಲ್ಲ. ಉಪ್ಪುನೀರು ಮೊದಲು ನುಗ್ಗುವುದು ಅಲ್ಲೇ. ಕಡಲ್ಕೊರೆತದ ಮಾತಾಡುವಾಗ ಅಳಿವೆ ಸರಿದದ್ದು, ತಡೆಗೋಡೆ ಕಟ್ಟಿದ್ದು, ಮರಳು ತೆಗೆದದ್ದು ಇವನ್ನು ಮೊದಲು ಪಟ್ಟಿಮಾಡಿ, ಕಡಲಮಟ್ಟದ ಪಾಲು ಆಮೇಲೆ.

ಮಾತಿಗೆ ಕೂತಾಗ

ಸಹಕಾರಿ ಸಂಘದ ಸಭೆಯಿರಲಿ, ಮನೆಯ ಜಗುಲಿಯಿರಲಿ, ಎದುರಿನವರ ಮಾತನ್ನು ಅವರು ಹೌದೆನ್ನುವಂತೆ ಮೊದಲು ನೀವೇ ತಿರುಗಿ ಹೇಳಿ. ಆಮೇಲೆ ಕೇಳಿ: ‘ಯಾವ ಅಂಕಿ ಬಂದರೆ ನೀವು ಅಭಿಪ್ರಾಯ ಬದಲಿಸುತ್ತೀರಿ?’ ಅದೇ ಪ್ರಶ್ನೆಗೆ ನಿಮ್ಮ ಉತ್ತರವನ್ನೂ ಇಟ್ಟುಕೊಂಡಿರಿ. ‘ನಾಳೆಯ ಮಳೆ ಹೇಳಲಾಗದವರು ಐವತ್ತು ವರ್ಷದ್ದು ಹೇಳುತ್ತಾರಾ’ ಎಂದರೆ, ಯಾವ ದಿನ ಮಳೆ ಎಂದು ಹೇಳಲಾಗದಿದ್ದರೂ ಜನವರಿಗಿಂತ ಜುಲೈಯಲ್ಲಿ ಹೆಚ್ಚು ಎಂದು ಎಲ್ಲರೂ ಹೇಳುತ್ತೇವೆ ಎನ್ನಿ, ಅಷ್ಟು ಸಾಕು. ಒಂದು ಕೂಟಕ್ಕೆ ಒಂದೇ ಪ್ರಶ್ನೆ ಎತ್ತಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ‘ನೋಡಿ ಹೇಳುತ್ತೇನೆ’ ಎಂದು ಚೀಟಿಯಲ್ಲಿ ಬರೆದುಕೊಳ್ಳಿ, ಹೇಳಿದ ವಾರದೊಳಗೆ ನೋಡಿ ತಿಳಿಸಿ.

ಇಬ್ಬರೂ ಒಪ್ಪದ ಸಂಗತಿ ನಮ್ಮೂರಿನ ಮಳೆಯದಾದರೆ, ಯಾವ ಕೇಂದ್ರ, ಯಾವ ವರ್ಷಗಳು, ಏನನ್ನು ಎಣಿಸುವುದು, ಅಂಕಿಯಿಲ್ಲದ ದಿನವನ್ನು ಏನು ಮಾಡುವುದು ಎಂದು ಪಟ್ಟಿ ತೆರೆಯುವ ಮೊದಲೇ ಬರೆದು ಇಬ್ಬರೂ ರುಜು ಹಾಕಿ. ಮುಂದಿನ ಮಳೆಗಾಲಕ್ಕೆ ಇಬ್ಬರ ಅಂಗಳದಲ್ಲೂ ಒಂದೊಂದು ಮಾಪಕ ಕೂರಲಿ. ಮೃಗಶಿರೆ ಹಿಡಿಯುವುದು ಜೂನ್ 7–8ಕ್ಕೆ, ಮೇ ಕೊನೆಯೊಳಗೆ ಬಾಯಿಯ ಅಗಲ ಅಳೆದು, ಲೆಕ್ಕದ ಪಟ್ಟಿ ಬರೆದು ಅಂಟಿಸಿಡಿ. ಪುಸ್ತಕದಲ್ಲಿ ಮನೆ ಮೂರು: ದಿನಾಂಕ, ಮಿ.ಮೀ., ಷರಾ. ಊರಿಗೆ ಹೋಗಿ ಎರಡು ದಿನ ಓದದಿದ್ದರೆ ಮೂರನೆಯ ದಿನದ ಮೊತ್ತದ ಮುಂದೆ ‘ಮೂರು ದಿನದ್ದು’ ಎಂದೂ, ಕ್ಯಾನ್ ತುಂಬಿ ಹರಿದಿದ್ದರೆ ‘ಉಕ್ಕಿತ್ತು, ಇದಕ್ಕಿಂತ ಹೆಚ್ಚು’ ಎಂದೂ ಬರೆಯಿರಿ, ಅಂದಾಜಿನ ಅಂಕಿ ತುಂಬಬೇಡಿ.